ಗುಡ್ಡಪ್ಪನವರ ಎರಡನೇ ಬಾಗಿಲು

ಯಾರ ಮನೆಗೆ ಹೋದರೂ ಗುಡ್ಡಪ್ಪನವರು ಮುಂಬಾಗಿಲಿನಿಂದ ಒಳಗೆ ಬಂದು, ಕೊಟ್ಟ ನೀರು ಕುಡಿದು, ಕೂರುವ ಮೊದಲು ಹಿತ್ತಲ ಬಾಗಿಲಿನವರೆಗೆ ಒಮ್ಮೆ ನಡೆದು ಬರುತ್ತಾರೆ. ಅಲ್ಲಿ ಚಿಲಕ ಎಳೆದು ನೋಡುತ್ತಾರೆ. ಬಾಗಿಲು ಸಲೀಸಾಗಿ ತೆರೆದುಕೊಂಡರೆ ಮುಖ ಅರಳುತ್ತದೆ. ಆಮೇಲೆ ಚಹಾ, ಮಂಡಕ್ಕಿ, ಊರ ಸುದ್ದಿ. ತೆರೆಯದಿದ್ದರೆ ಚಹಾ ಆರಿ ಕೆನೆಗಟ್ಟಿದರೂ ಅವರ ಗಮನ ಹಿತ್ತಲಲ್ಲೇ ಇರುತ್ತದೆ. ಅವರು ಆಟೊ ಇಳಿಯುವುದನ್ನು ಕಂಡ ಕೂಡಲೇ ಆನಗೋಡಿನ ತಂಗಿ ಮಾರೆಮ್ಮ ಒಳಗಿನವರಿಗೆ ಕೂಗುತ್ತಾರೆ: "ಅಣ್ಣ ಬಂದ, ಹಿತ್ಲ ಬಾಗ್ಲಿಗೆ ಒರಗಿಸಿರೋ ಸೈಕಲ್ ತೆಗೀರೇ!"

ದಾವಣಗೆರೆಯ ಅಗ್ನಿಶಾಮಕ ಠಾಣೆಯಲ್ಲಿ ಬದುಕಿನ ಬಹುಭಾಗ ಕಳೆದು ನಿವೃತ್ತರಾದವರು ಅವರು. ಖಾಕಿ ಬಿಚ್ಚಿ ಎಷ್ಟೋ ವರ್ಷಗಳಾದವು, ಅಭ್ಯಾಸ ಮಾತ್ರ ಮೈ ಬಿಡಲಿಲ್ಲ. ಮಗಳು ರೇವತಿ ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಾಳೆ. ಊಟದ ಡಬ್ಬಿ ಮರೆತು ಹೋದ ದಿನ ಅಪ್ಪನೇ ತಂದುಕೊಡುತ್ತಾರೆ. ಡಬ್ಬಿ ಮೇಜಿನ ಮೇಲಿಟ್ಟು ಅವರು ಹಿಂದಿನ ಮೆಟ್ಟಿಲು ಹುಡುಕಿಕೊಂಡು ಹೊರಟರೆಂದರೆ ರೇವತಿ ತಲೆ ತಗ್ಗಿಸಿ ಚೀಟಿ ಬರೆಯತೊಡಗುತ್ತಾಳೆ, ಬಂದವರು ತನಗೆ ಗುರುತೇ ಇಲ್ಲ ಎನ್ನುವ ಹಾಗೆ. ಅಪ್ಪನೂ ಒಳ್ಳೆಯವರೇ. ಗುರುತಿಲ್ಲದವರ ಹಾಗೆಯೇ ಹೊರಟುಬಿಡುತ್ತಾರೆ.

ಇಂಥ ಮನುಷ್ಯ ಮೊಮ್ಮಗಳಿಗೆ ಗಂಡು ನೋಡಲು ಹರಿಹರಕ್ಕೆ ಹೋಗಿ ಸಂಬಂಧವನ್ನೇ ಮುರಿದುಕೊಂಡು ಬರುವುದರಲ್ಲಿದ್ದರು.

ಮೊಮ್ಮಗಳ ಹೆಸರು ರಶ್ಮಿ, ರೇವತಿಯ ಮಗಳು. ಹುಡುಗ ಮಹೇಂದ್ರ. ಇಬ್ಬರೂ ಒಬ್ಬರನ್ನೊಬ್ಬರು ಮೊದಲೇ ಒಪ್ಪಿಕೊಂಡಿದ್ದರು, ಹಿರಿಯರು ಹುಡುಗನ ಮನೆ ನೋಡಿ ಬರುವುದಷ್ಟೇ ಬಾಕಿ. ತಂದೆಯಿಲ್ಲದ ಮಹೇಂದ್ರನನ್ನು ಸಾಕಿದವರು ದೊಡ್ಡಪ್ಪ ಮಾಲತೇಶಪ್ಪ. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದ ಗಟ್ಟಿ ಆಳು, ಮಾತೂ ಗಟ್ಟಿ. ಅವಲಕ್ಕಿ, ಬಾಳೆಹಣ್ಣು, ಚಹಾ ಎಲ್ಲಾ ಮುಗಿದು ತಾಂಬೂಲದ ತಟ್ಟೆ ಬರುವ ಹೊತ್ತಿಗೆ ಗುಡ್ಡಪ್ಪ ಮೆಲ್ಲನೆ ಎದ್ದು ಹಿಂದಕ್ಕೆ ನಡೆದರು. ಅಡುಗೆಮನೆಯ ಹಿಂಬಾಗಿಲಿಗೆ ಅಡ್ಡವಾಗಿ ಅಕ್ಕಿ ಚೀಲಗಳನ್ನು ಎದೆಮಟ್ಟ ಒಟ್ಟಿದ್ದರು. ಕಿಟಕಿಗೆ ಕಬ್ಬಿಣದ ಸರಳು. ಅವರು ತಿರುಗಿ ಬಂದು ಕೂತು, ಬಹಳ ಪ್ರೀತಿಯಿಂದಲೇ ಕೇಳಿದರು:

"ಬೀಗ್ರೆ, ಹುಡುಗ ಚಿನ್ನದಂಥವನು. ಆದ್ರೆ ನಮ್ಮ ಹುಡುಗಿ ಅಡುಗೆಮನ್ಯಾಗೆ ಇದ್ದಾಗ ಸಿಲಿಂಡರ್ ಹತ್ಕೊಂತು ಅನ್ನಿ, ಯಾವ ಕಡೆ ಓಡ್ಬೇಕು?"

ಮನೆಯೆಲ್ಲ ತಣ್ಣಗಾಯಿತು. ಸೊಸೆ, ಅಡುಗೆಮನೆ, ಬೆಂಕಿ. ಈ ಮೂರನ್ನು ಗಂಡಿನ ಮನೆಯಲ್ಲಿ ಒಂದೇ ಉಸಿರಿಗೆ ಹೇಳಿದರೆ ಏನರ್ಥ ಬರುತ್ತದೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಹೊಳೆದಿತ್ತು. ಗುಡ್ಡಪ್ಪನವರಿಗೆ ಮಾತ್ರ ಹೊಳೆದಿರಲಿಲ್ಲ.

ಮಾಲತೇಶಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಏನ್ರಿ ಹಂಗಂದ್ರೆ? ನಮ್ದು ಸೊಸೆ ಸುಡೋ ಮನೆ ಅಂತ ನೋಡೋಕೆ ಬಂದೀರೇನು? ಗಂಡು ನೋಡೋಕೆ ಬಂದೀರೋ, ಮನೆಗೆ ನೋಟೀಸ್ ಅಂಟಿಸೋಕೆ ಬಂದೀರೋ?"

ಗುಡ್ಡಪ್ಪನವರ ಹೆಂಡತಿ ರಂಗವ್ವ ಕೈಮುಗಿದು ಏನೇನೋ ಹೇಳಿದರು. ತಾಂಬೂಲ ಬದಲಾಯಿಸದೆಯೇ ಎಲ್ಲರೂ ಬಸ್ಸು ಹತ್ತಿದರು. ದಾವಣಗೆರೆ ತಲುಪುವವರೆಗೂ ರಶ್ಮಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅಜ್ಜನ ಮೇಲೆ ಅವಳು ಸಿಟ್ಟಾಗಿದ್ದರೆ ಗುಡ್ಡಪ್ಪ ತಡೆದುಕೊಳ್ಳುತ್ತಿದ್ದರೇನೋ. ಅವಳು ಇಳಿಯುವಾಗ ಎಂದಿನಂತೆ ಅವರ ಕೈ ಹಿಡಿದು ಇಳಿಸಿದಳು. ಅದನ್ನು ತಡೆಯಲಾಗಲಿಲ್ಲ.

ಮುರಿದದ್ದನ್ನು ಜೋಡಿಸಿದವರು ಹುಡುಗ ಹುಡುಗಿಯೇ. ಮಹೇಂದ್ರ ದೊಡ್ಡಪ್ಪನನ್ನು ಒಲಿಸಿದ. ಮದುವೆ ಹರಿಹರದಲ್ಲೇ ಎಂದು ನಿಶ್ಚಯವಾಯಿತು. ಆ ಸಂಜೆ ರಂಗವ್ವ ಗಂಡನನ್ನು ದೇವರ ಮುಂದೆ ನಿಲ್ಲಿಸಿ, ರಶ್ಮಿಯನ್ನು ಪಕ್ಕಕ್ಕೆ ಕರೆದರು.

"ಇವಳ ತಲೆ ಮುಟ್ರಿ. ಮದುವಿ ಮುಗಿಯೋವರ್ಗೂ ಬಾಗ್ಲ ಮಾತು ಎತ್ತಲ್ಲ ಅನ್ರಿ."

"ಏಯ್, ಇದಕ್ಕೆಲ್ಲಾ ಆಣೆ ಯಾಕ..."

"ಇನ್ನೊಂದು ಸಲ ಬಾಯಿ ಬಿಟ್ರೆ ಆ ಮನುಷ್ಯ ಮಂಟಪದಿಂದ ಹುಡುಗನ್ನ ಎಬ್ಬಿಸ್ಕೊಂಡು ಹೋಗ್ತಾನೆ. ಮುಟ್ರಿ."

ರಶ್ಮಿ ತಲೆ ಬಗ್ಗಿಸಿದಳು. ಗುಡ್ಡಪ್ಪ ಅಂಗೈಯನ್ನು ಅವಳ ನೆತ್ತಿಯ ಮೇಲಿಟ್ಟರು. ಹುಟ್ಟಿದ ವಾರದಲ್ಲಿ ಇಡೀ ತಲೆ ಆ ಅಂಗೈಯಲ್ಲಿ ಕೂತಿತ್ತು.

*

ಆ ಅಂಗೈಗೂ ಒಂದು ಚರಿತ್ರೆಯಿದೆ.

ಗುಡ್ಡಪ್ಪ ಕೆಲಸಕ್ಕೆ ಸೇರಿದಾಗ ದಾವಣಗೆರೆ ಹತ್ತಿಯ ಊರು. ಗಿರಣಿಯ ಕೂಗಿಗೆ ಊರು ಏಳುತ್ತಿತ್ತು, ಗಿರಣಿಯ ಕೂಗಿಗೆ ಉಣ್ಣುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಮಾತ್ರ ಜನ ಬೀದಿಗೆ ಬಂದು ಆಕಾಶ ನೋಡುತ್ತಿದ್ದರು, ಹೊಗೆ ಯಾವ ದಿಕ್ಕಿಗೆ ಎಂದು. ಹತ್ತಿಗೆ ಬಿದ್ದ ಬೆಂಕಿಯ ಗುಣವೇ ಬೇರೆ. ನೀರು ಹೊಯ್ದರೆ ಸತ್ತ ಹಾಗೆ ಬಿದ್ದುಕೊಳ್ಳುತ್ತದೆ. ಎಲ್ಲರೂ ಮೈ ಒರೆಸಿಕೊಂಡು ಮನೆಗೆ ಹೋದ ಮೇಲೆ ಬಿಗಿದು ಕಟ್ಟಿದ ಹತ್ತಿಯ ಮೂಟೆಯ, ಅಂದರೆ ಬೇಲಿನ, ಹೊಟ್ಟೆಯೊಳಗಿಂದ ಎದ್ದು ಬರುತ್ತದೆ. ಹಾಗಾಗಿ ಬೆಂಕಿ ಆರಿದ ಮೇಲೂ ಠಾಣೆಯವರು ಗೋದಾಮು ಬಿಡುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಮಗುವಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುವಂತೆ ಬೇಲುಗಳನ್ನು ಮುಟ್ಟಿ ನೋಡುತ್ತಾ ಹೋಗುತ್ತಿದ್ದರು. ಬಿಸಿ ಸಿಕ್ಕಿದ ಬೇಲನ್ನು ಎಳೆದು ಬಯಲಿಗೆ ತಂದು ಬಿಚ್ಚುತ್ತಿದ್ದರು. ಈ ಕೆಲಸದಲ್ಲಿ ಗುಡ್ಡಪ್ಪನವರ ಕೈ ತಪ್ಪಿದ್ದಿಲ್ಲ ಎಂದು ಗೆಳೆಯ ಲಾಲ್ ಸಾಬ್ ಈಗಲೂ ಹೇಳುತ್ತಾರೆ.

ಲಾಲ್ ಸಾಬ್ ಫೈರ್ ಇಂಜಿನ್ನಿನ ಡ್ರೈವರ್. ಇಬ್ಬರೂ ಕೂಡಿ ಬೇಸಿಗೆಯಲ್ಲಿ ಹಳ್ಳಿಗಳ ಹುಲ್ಲಿನ ಬಣವೆ ಆರಿಸಿದ್ದಾರೆ, ಮಂಡಕ್ಕಿ ಭಟ್ಟಿಗಳ ಸೂರು ಉಳಿಸಿದ್ದಾರೆ, ಬೆಂಕಿಯಿಲ್ಲದ ಮಳೆಗಾಲದಲ್ಲಿ ಬಾವಿಗೆ ಬಿದ್ದ ಎಮ್ಮೆಗಳನ್ನು ಎತ್ತಿದ್ದಾರೆ. ಹರಿಹರದ ಕಡೆ ಕರೆ ಬಂದರೆ ಹೊಳೆಯ ದಂಡೆಗೆ ಗಾಡಿ ಇಳಿಸಿ ತುಂಗಭದ್ರೆಯ ನೀರನ್ನೇ ಟ್ಯಾಂಕಿಗೆ ಎಳೆದುಕೊಳ್ಳುತ್ತಿದ್ದರು. ಒಮ್ಮೆ ನೀರಿನ ಜೊತೆ ಮೀನೂ ಬಂದು, ಬಣವೆ ಆರಿದ ಮೇಲೆ ಬೂದಿಯಲ್ಲಿ ಸುಟ್ಟ ಮೀನು ಸಿಕ್ಕಿತ್ತೆಂದು ಲಾಲ್ ಸಾಬ್ ಕಥೆ ಕಟ್ಟುತ್ತಾರೆ. "ಸುಳ್ಳು," ಎನ್ನುತ್ತಾರೆ ಗುಡ್ಡಪ್ಪ. "ಮೀನು ನೀನು ತಿಂದೆ, ಸಾಕ್ಷಿ ಹೇಳೋಕೆ ಮುಳ್ಳೂ ಉಳೀಲಿಲ್ಲ."

ಕಾಲ ಕಳೆದಂತೆ ಗಿರಣಿಗಳ ಕೂಗು ಒಂದೊಂದಾಗಿ ನಿಂತಿತು. ಮಹಡಿ ಮೇಲೆ ಮಹಡಿ ಎದ್ದವು. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಸೀರೆಯ ಗಂಟು, ಹೋಟೆಲಿನ ಹಿಂಬಾಗಿಲಿಗೆ ಫ್ರಿಜ್ಜು, ಲಾಡ್ಜಿನ ಕಿಟಕಿಗೆ ಬೋರ್ಡು. ಬೆಂಕಿ ಚಿಕ್ಕದಾಗಿದ್ದರೂ ಜನಕ್ಕೆ ಹೊರಗೆ ಬರಲು ದಾರಿ ಇರುತ್ತಿರಲಿಲ್ಲ. ಕೆಲಸದ ಕೊನೆಯ ವರ್ಷಗಳಲ್ಲಿ ನೀರಿನ ಪೈಪಿಗಿಂತ ಹೆಚ್ಚಾಗಿ ಬೀಗ ಒಡೆಯುವ ಹಾರೆಯೇ ಅವರ ಕೈಯಲ್ಲಿರುತ್ತಿತ್ತು.

ಎಲ್ಲಾ ಬೆಂಕಿಗಳ ಕಥೆಯನ್ನೂ ಗುಡ್ಡಪ್ಪ ಮೊಮ್ಮಗಳಿಗೆ ಹೇಳಿದ್ದಾರೆ. ಒಂದನ್ನು ಬಿಟ್ಟು. ಅದರ ಮಾತು ಬಂದರೆ ಲಾಲ್ ಸಾಬ್ ಕೂಡ ಬೀಡಿ ಹಚ್ಚುವ ನೆಪದಲ್ಲಿ ಎದ್ದು ಹೋಗುತ್ತಾರೆ.

*

ಮದುವೆಯ ದಿನ ಒಳ್ಳೆಯ ಲಗ್ನದ ದಿನ. ಒಬ್ಬೊಬ್ಬರಿಗೆ ಮೂರು ಮೂರು ಮದುವೆಯ ಕರೆ. ದಾವಣಗೆರೆಯಲ್ಲೊಂದು ಮುಖ ತೋರಿಸಿ, ಹರಿಹರದಲ್ಲಿ ಉಂಡು, ರಾಣೆಬೆನ್ನೂರಿನ ಬಸ್ಸು ಹಿಡಿಯಬೇಕಾದ ಜನ. ಹಾಗಾಗಿ ಮುಹೂರ್ತಕ್ಕೆ ಮೊದಲೇ ಊಟ ಶುರುವಾಗಿತ್ತು. ಕಲ್ಯಾಣ ಮಂಟಪದಲ್ಲಿ ಮದುವೆ ಮೇಲೆ, ಊಟದ ಹಾಲ್ ಕೆಳಗೆ.

ಗುಡ್ಡಪ್ಪ ಜರಿಯಂಚಿನ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಬೆಳಿಗ್ಗೆಯಿಂದ ಅವರು ಯಾವ ಬಾಗಿಲಿನ ಕಡೆಗೂ ನೋಡಿರಲಿಲ್ಲ. ನೋಡಿದರೆ ಬಾಯಿ ಸುಮ್ಮನಿರುವುದಿಲ್ಲ ಎಂದು ಗೊತ್ತಿದ್ದರಿಂದ ಹಂದರದ ಹೂವನ್ನೇ ನೋಡುತ್ತಾ ಕೂತಿದ್ದರು. ರಂಗವ್ವ ಆಗಾಗ ತಿರುಗಿ ಗಂಡ ಜಾಗದಲ್ಲಿದ್ದಾರೆಯೇ ಎಂದು ಕಣ್ಣಳತೆಯಲ್ಲಿ ನೋಡಿಕೊಳ್ಳುತ್ತಿದ್ದರು.

ಲಾಲ್ ಸಾಬ್ ಬಂದು ಪಕ್ಕದಲ್ಲಿ ಕೂತರು.

"ಉಂಡೆಯಾ?"

"ಎಲ್ಲಿ ಗುಡ್ಡಣ್ಣ? ಪಂಕ್ತಿ ಕುಂತೈತೆ, ಎದ್ದ ಮೇಲೆ ಬರ್ರಿ ಅಂತ ಬಾಗ್ಲಿಗೆ ಚಿಲಕ..." ಲಾಲ್ ಸಾಬ್ ನಾಲಿಗೆ ಕಚ್ಚಿಕೊಂಡರು. ಆಣೆಯ ವಿಷಯ ಅವರಿಗೂ ಗೊತ್ತಿತ್ತು.

"ಹೊರಗಿಂದಾ?"

ಲಾಲ್ ಸಾಬ್ ಹಂದರದ ಕಡೆ ಮುಖ ತಿರುಗಿಸಿದರು.

"ಲಾಲ್ ಸಾಬ್, ಚಿಲಕ ಹೊರಗಿಂದಾ?"

"ಹೂಂ. ಹೊರಗಿಂದ."

ಗುಡ್ಡಪ್ಪ ಎದ್ದರು. ರಂಗವ್ವನಿಗೆ ಕಿರುಬೆರಳು ತೋರಿಸಿ ಕೆಳಗಿಳಿದರು.

ಕೆಳಗಿನ ನೋಟ ನಮ್ಮ ಕಡೆಯ ಯಾವ ಮದುವೆಯಲ್ಲೂ ಕಾಣುವಂಥದ್ದೇ. ಊಟದ ಹಾಲಿನ ಕಬ್ಬಿಣದ ಬಾಗಿಲು ಮುಚ್ಚಿತ್ತು. ಒಳಗೆ ಒಂದು ಪಂಕ್ತಿ ಉಣ್ಣುತ್ತಿತ್ತು. ಹೊರಗೆ ಮುಂದಿನ ಪಂಕ್ತಿ ಒತ್ತುತ್ತಿತ್ತು. ಚಿಲಕದ ಮೇಲೆ ಕೈಯಿಟ್ಟು ಮಂಟಪದ ಮ್ಯಾನೇಜರ್ ಅಂಜನಕುಮಾರ ನಿಂತಿದ್ದ. ಬಾಗಿಲು ತೆರೆದಿಟ್ಟರೆ ಉಣ್ಣುವವರ ಬೆನ್ನಿಗೆ ಕಾಯುವವರು ಬಂದು ನಿಲ್ಲುತ್ತಾರೆ, ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಮರ್ಯಾದೆಯಿಂದ ಉಣ್ಣಲಿ ಎಂದು ಹಾಕಿದ ಚಿಲಕ ಅದು. ಹಾಲಿನ ಇನ್ನೊಂದು ಬಾಗಿಲು ಅಡುಗೆಮನೆಯ ಕಡೆಗಿತ್ತು. ಅಲ್ಲಿ ಉರಿಯುವ ಒಲೆಗಳು, ಸಿಲಿಂಡರುಗಳು, ತರಕಾರಿ ಮೂಟೆಗಳು.

ಗುಡ್ಡಪ್ಪ ತುಟಿ ಬಿಗಿದು ನಿಂತರು. ಮುಟ್ಟಿ ಆಣೆಯಿಟ್ಟ ನೆತ್ತಿ ಮೇಲಿನ ಮಹಡಿಯಲ್ಲಿ ಬಾಸಿಂಗ ಕಟ್ಟಿಕೊಂಡು ಕೂತಿತ್ತು.

ಪಂಕ್ತಿ ಎದ್ದಿತು. ಅಂಜನಕುಮಾರ ಚಿಲಕ ತೆಗೆದ. ಉಂಡವರು ಹೊರಗೆ ಬಂದು ಹೊರಗಿನವರು ಒಳಗೆ ಹೋದ ಮೇಲೆ ಅವನು ಮತ್ತೆ ಬಾಗಿಲೆಳೆಯಲು ಕೈ ಚಾಚುವಷ್ಟರಲ್ಲಿ ಗುಡ್ಡಪ್ಪ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಸರಿಯಾಗಿ ಹೊಸ್ತಿಲ ಮೇಲೆ ಹಾಕಿ ಕೂತರು. ತೊಡೆಯ ಮೇಲೆ ಎಲೆ ಅಡಿಕೆ ತಟ್ಟೆ.

"ಅಜ್ಜಾರೆ, ಏಳ್ರಿ. ಬಾಗ್ಲು ಹಾಕ್ಬೇಕು."

"ಹೆಣ್ಣಿನ ಅಜ್ಜ ನಾನು. ಉಂಡು ಬಂದೋರಿಗೆ ಎಲೆ ಅಡಿಕೆ ಕೊಡೋದು ಬ್ಯಾಡೇನು?"

"ಜನ ನುಗ್ತಾರೆ ಅಜ್ಜಾರೆ!"

"ನುಗ್ಗಲ್ಲ. ನಾ ಇದೀನಲ್ಲ."

ಜನ ನುಗ್ಗಲು ನೋಡಿದರು. ಗುಡ್ಡಪ್ಪ ಕೂತಲ್ಲಿಂದಲೇ ಮಾತಿನ ಬೇಲಿ ಹಾಕಿದರು. "ಯಜಮಾನ್ರೆ, ಹೋಳಿಗೆಗೆ ಕಾಲಿಲ್ಲ, ಓಡಿ ಹೋಗಲ್ಲ. ನಿಂತ್ಕೊಳ್ರಿ." "ತಂಗೀ, ಆಚೆ ಮದುವಿಯಾಗೆ ಉಂಡಿದ್ದು ಇನ್ನೂ ತುಟಿ ಮ್ಯಾಲೈತೆ, ಮೊದ್ಲು ಒರೆಸ್ಕೋ." ಸಾಲಿನ ಮುಂದಿದ್ದ ಹೆಂಗಸು ಬಿಡಲಿಲ್ಲ: "ನಿಮ್ಮದು ಉಂಡಾಗೈತಲ್ಲ ಅಜ್ಜ, ಅದಕ್ಕೇ ಬಾಗ್ಲಾಗೆ ಆಲದಮರ ಆಗಿ ಕುಂತೀರಿ!" ಎಲ್ಲರೂ ನಕ್ಕರು. ನಗುತ್ತಾ ನಿಂತರು. ಬಾಗಿಲು ತೆರೆದೇ ಇತ್ತು, ಒಬ್ಬರೂ ಒಳಗೆ ನುಗ್ಗಲಿಲ್ಲ. ಅಂಜನಕುಮಾರ ಹಣೆ ಒರೆಸಿಕೊಂಡು ಸುಮ್ಮನಾದ.

ಅಷ್ಟರಲ್ಲಿ ಮೇಲಿಂದ ವಾಲಗದ ಧಾಟಿ ಬದಲಾಯಿತು. ಅಕ್ಷತೆ ಹಂಚುತ್ತಿದ್ದಾರೆ, ಎಲ್ಲರೂ ಬರಬೇಕು ಎಂದು ಮೈಕಿನಲ್ಲಿ ಕರೆದರು. ಸಾಲಿನಲ್ಲಿದ್ದ ಕೆಲವರು ಮೆಟ್ಟಿಲ ಕಡೆ ತಿರುಗಿದರು. ಗುಡ್ಡಪ್ಪ ಕುರ್ಚಿಯ ತೋಳು ಹಿಡಿದು ಏಳಲು ಹೋದರು. ಅಂಜನಕುಮಾರನ ಕೈ ಚಿಲಕದ ಕಡೆ ಹೋಯಿತು. ಒಳಗೆ ಇನ್ನೂ ಹಾಲ್ ತುಂಬ ಜನ ಉಣ್ಣುತ್ತಿದ್ದರು. ಒಬ್ಬಳು ತಾಯಿ ಮಗುವಿಗೆ ಅನ್ನ ಕಲಸುತ್ತಿದ್ದಳು.

ಗುಡ್ಡಪ್ಪ ಮತ್ತೆ ಕೂತರು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಂದವರು ಮಾಲತೇಶಪ್ಪ, ರೇಷ್ಮೆ ಶಲ್ಯ ಹೆಗಲಿಂದ ಜಾರಿತ್ತು. ಅವರ ಹಿಂದೆ ಏದುಸಿರು ಬಿಡುತ್ತಾ ಲಾಲ್ ಸಾಬ್.

"ಬೀಗ್ರೆ! ಅಲ್ಲಿ ಹುಡುಗಿ ಅಜ್ಜ ಎಲ್ಲಿ, ಅಜ್ಜ ಎಲ್ಲಿ ಅಂತ ಕಣ್ಣು ಹಾಯಿಸ್ತಾ ಕುಂತೈತೆ. ನೀವಿಲ್ಲಿ..." ಕುರ್ಚಿ, ಹೊಸ್ತಿಲು, ತೆರೆದ ಬಾಗಿಲು ಮೂರನ್ನೂ ನೋಡಿದರು. ಮುಖ ಕೆಂಪಾಯಿತು. "ಮತ್ತೆ ಶುರು ಮಾಡಿದ್ರಾ? ನಮ್ಮ ಮನೇನೂ ಸರಿಯಿಲ್ಲ, ನಾವು ಹಿಡಿದ ಛತ್ರಾನೂ ಸರಿಯಿಲ್ಲ. ಅಲ್ವಾ?"

"ನಾನು ಏನೂ ಅಂದಿಲ್ಲ ಬೀಗ್ರೆ."

"ಹಂಗಾದ್ರೆ ಏಳ್ರಿ."

"ಎದ್ರೆ ಹಾಕ್ತಾರೆ."

"ಹಾಕ್ಲಿ! ಮೊಮ್ಮಗಳ ತಾಳಿಗಿಂತ ಬಾಗ್ಲು ಹೆಚ್ಚೇನ್ರಿ ನಿಮಗೆ?"

ಗುಡ್ಡಪ್ಪ ತಟ್ಟೆಯನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡರು. ಆಮೇಲೆ ಮಾತು ತೆಗೆದರು.

"ಈ ಬಾಗ್ಲ ಮಾತು ಆಡಲ್ಲ ಅಂತ ಹುಡುಗಿ ತಲೆ ಮುಟ್ಟಿ ಆಣೆ ಮಾಡೀನಿ. ಬೇರೆ ಬಾಗ್ಲದು ಹೇಳ್ತೀನಿ, ಕೇಳ್ರಿ. ಊರ ಹೊರಗೆ ಒಂದು ಹತ್ತಿ ಗೋದಾಮಿತ್ತು. ಈಗ ಅದರ ಗೋಡೇನೂ ಇಲ್ಲ. ಹೆಣ್ಮಕ್ಕಳು ಒಳಗೆ ಕುಂತು ಹತ್ತಿ ಆರಿಸೋರು. ಸೆರಗಿನಾಗೆ ಹತ್ತಿ ಕಟ್ಕೊಂಡು ಹೋಗ್ತಾರಂತ ಹಿಂದಿನ ಬಾಗ್ಲಿಗೆ ಹೊರಗಿಂದ ಚಿಲಕ. ಬೆಂಕಿ ಬಿದ್ದಿದ್ದು ಮುಂದ್ಗಡೆ. ನಾವು ಹಿಂದೆ ಓಡಿ ಬಂದ್ವಿ. ಹಸಿರು ಬಾಗ್ಲು. ನಾನು ಕೈ ಇಟ್ಟು ನೋಡಿದೆ. ತಣ್ಣಗಿತ್ತು ಬೀಗ್ರೆ. ಬಣ್ಣ ಕೂಡ ಎದ್ದಿರಲಿಲ್ಲ. ಬೆಂಕಿ ಅಲ್ಲಿಗೆ ಬಂದೇ ಇರಲಿಲ್ಲ. ಚಿಲಕ ತೆಗೆದೆ." ಅವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ಎಲ್ಲಾರೂ ಅಲ್ಲೇ ಇದ್ರು. ಬಾಗ್ಲಿಗೆ ಒರಗಿ. ಒಬ್ರಿಗೂ ಸುಟ್ಟ ಗಾಯ ಇರಲಿಲ್ಲ. ಬರೀ ಹೊಗೆ."

ಲಾಲ್ ಸಾಬ್ ಬೀಡಿಗಾಗಿ ಜೇಬಿಗೆ ಕೈಹಾಕಿದರು. ಈ ಸಲ ಅಲ್ಲಿಂದ ಸರಿದು ಹೋಗಲಿಲ್ಲ.

"ಆ ಚಿಲಕ ತೆಗೆಯೋಕೆ ಒಂದು ಬೆರಳು ಸಾಕಿತ್ತು," ಎಂದರು ಗುಡ್ಡಪ್ಪ. "ನೀವು ಹೋಗ್ರಿ. ಅಕ್ಷತೆ ನನ್ನ ಹೆಸರಿನಾಗೆ ನೀವೇ ಹಾಕ್ರಿ. ನಂಗೆ ಸಿಟ್ಟಿಲ್ಲ. ಹುಡುಗಿಗೆ ಹೇಳ್ರಿ, ಅಜ್ಜ ಇಲ್ಲೇ ಕೆಳಗದಾನೆ ಅಂತ."

ಮಾಲತೇಶಪ್ಪ ಅವರನ್ನೇ ನೋಡಿದರು. ತನ್ನ ಮೊಮ್ಮಗಳ ತಾಳಿಯನ್ನೇ ಬಿಟ್ಟು ಗುರುತಿಲ್ಲದ ಊಟದವರಿಗಾಗಿ ಹೊಸ್ತಿಲ ಮೇಲೆ ಕೂತ ಮನುಷ್ಯ ಅಂದು ತಮ್ಮ ಮನೆಯಲ್ಲಿ ಕೇಳಿದ ಪ್ರಶ್ನೆ ಯಾವುದೆಂದು ಆಗ ಅವರಿಗೆ ಸರಿಯಾಗಿ ಕೇಳಿಸಿರಬೇಕು.

"ಆ ಅಕ್ಕಿ ಚೀಲ ಅವತ್ತೇ ತೆಗೆಸಿದೆ," ಎಂದರು ಗೊಣಗಿದಂತೆ. "ನೀವು ಬಸ್ ಹತ್ತಿದ ಮ್ಯಾಲೆ. ಸಿಟ್ಟು ಬ್ಯಾರೆ, ಚೀಲ ಬ್ಯಾರೆ."

ಆಮೇಲೆ ಅವರು ಬಾಗಿಲನ್ನು ನೋಡತೊಡಗಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಕಾರ್ಖಾನೆಯಲ್ಲಿ ಕೆಟ್ಟ ಯಂತ್ರದ ಮುಂದೆ ನಿಂತು ನೋಡುವ ಹಾಗೆ. ಕೀಲಿನ ಹತ್ತಿರ ಬಗ್ಗಿ ಬೆರಳಾಡಿಸಿದರು.

"ಎತ್ತಿದ್ರೆ ಬರೋ ಕೀಲು ಇದು. ಬರೀ ತುಕ್ಕು ಹಿಡಿದೈತೆ. ಸಾಬ್ರೆ, ಆ ಕಡೆ ಹಿಡೀರಿ. ಬೀಗ್ರೆ, ಏಳ್ರಿ ಮ್ಯಾಲೆ, ಕೆಳಗಿನ ಅಂಚು ನಿಮ್ದು."

"ಏನ್ ಸಾರ್ ಇದು!" ಅಂಜನಕುಮಾರ ಓಡಿ ಬಂದ. "ಮಂಟಪದ ಬಾಗ್ಲು ಸಾರ್!"

"ಸಂಜೆಗೆ ನಾನೇ ಕೂಡಿಸಿ, ಎಣ್ಣೆನೂ ಬಿಟ್ಟು ಕೊಡ್ತೀನಿ. ಈಗ ಒಂದು ಕೈ ಹಾಕು ಮಾರಾಯ, ಮುಹೂರ್ತ ಹೋಗ್ತೈತೆ!"

ಅವನಿಗೂ ಬೇರೆ ದಾರಿ ಕಾಣಲಿಲ್ಲ. ಕೈ ಹಾಕಿದ. ಕಬ್ಬಿಣ ಒಮ್ಮೆ ಕಿರುಚಿತು. ಒಂದು ರೆಕ್ಕೆ ಕಳಚಿ ಬಂತು, ಆಮೇಲೆ ಇನ್ನೊಂದು. ಎರಡನ್ನೂ ನಡೆಸಿಕೊಂಡು ಹೋಗಿ ಗೋಡೆಗೆ ಒರಗಿಸಿದರು. ಒಳಗೆ ಉಣ್ಣುತ್ತಿದ್ದವರು ತುತ್ತು ಹಿಡಿದುಕೊಂಡೇ ನೋಡುತ್ತಿದ್ದರು. ಮದುವೆಯಲ್ಲಿ ಇದೂ ಒಂದು ಶಾಸ್ತ್ರವಿರಬಹುದು ಎಂದುಕೊಂಡವರೂ ಇದ್ದರು. ಲಾಲ್ ಸಾಬ್ ತಟ್ಟೆ ಸಮೇತ ಕುರ್ಚಿಯಲ್ಲಿ ಕೂತರು. "ಹೋಗ್ರಿ, ಹೋಗ್ರಿ. ಮಾತು ನಾನೂ ಬಲ್ಲೆ. ಮೀನಿನ ಕಥೆ ಹೇಳ್ತೀನಿ ಇವರಿಗೆ."

ಇಬ್ಬರು ಬೀಗರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಮೇಲೆ ತಲುಪಿದಾಗ ಮಹೇಂದ್ರ ತಾಳಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ರಶ್ಮಿ ಕಣ್ಣೆತ್ತಿ ಅಜ್ಜನನ್ನು ಕಂಡಳು. ಆಮೇಲೆ ಕತ್ತು ಬಗ್ಗಿಸಿದಳು. ವಾಲಗ ಏರಿತು, ಅಕ್ಷತೆ ಮಳೆಯಾಯಿತು. ಗುಡ್ಡಪ್ಪ ಎಸೆದ ಕಾಳುಗಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು.

ಕಾಲಿಗೆ ಬೀಳಲು ಬಂದಾಗ ಅವರು ಎಂದಿನಂತೆ ನೆತ್ತಿಯ ಮೇಲೆ ಕೈಯಿಡಲು ಹೋಗಿ ಹಿಂದೆಗೆದರು.

"ಯಾಕಜ್ಜ?"

"ಕೈ ಕೊಳೆಯಾಗೈತೆ ಕಣವ್ವ."

ರಶ್ಮಿ ಆ ಕೈಯನ್ನು ತಾನೇ ಎಳೆದು ತಲೆಯ ಮೇಲಿಟ್ಟುಕೊಂಡಳು. ಮಲ್ಲಿಗೆ ದಂಡೆಯ ಮೇಲೆ ಕಂದು ಬೆರಳು ಮೂಡಿತು.

ರಂಗವ್ವ ಅದನ್ನು ನೋಡಿದರು. ಬೀಗರ ಕೈ ನೋಡಿದರು. ಅಲ್ಲೂ ಅದೇ ತುಕ್ಕು. "ಏನ್ರಿ ಇದು? ಬಾಗ್ಲ ಮಾತು ಎತ್ತಲ್ಲ ಅಂದಿದ್ರಿ."

"ನಾನೆಲ್ಲಿ ಎತ್ತಿದೆ?" ಎಂದರು ಗುಡ್ಡಪ್ಪ. "ಬಾಗ್ಲು ಎತ್ತಿದವ್ರು ಬೀಗ್ರು."

"ಹೌದು ಬಿಡ್ರಿ ತಂಗಿ, ನಾನೇ," ಎಂದು ಮಾಲತೇಶಪ್ಪ ಶಲ್ಯಕ್ಕೆ ಕೈ ಒರೆಸಲು ಹೋಗಿ, ಅದು ರೇಷ್ಮೆಯೆಂದು ನೆನಪಾಗಿ, ಪಂಚೆಗೆ ಒರೆಸಿದರು.

ಕೊನೆಯ ಪಂಕ್ತಿಯಲ್ಲಿ ಅವರಿಬ್ಬರೂ ಲಾಲ್ ಸಾಬರನ್ನು ನಡುವೆ ಕೂರಿಸಿಕೊಂಡು ಉಂಡರು. ಮಾಲತೇಶಪ್ಪ ಬೀಗರ ಎಲೆಗೆ ಒತ್ತಾಯ ಮಾಡಿ ಇನ್ನೊಂದು ಹೋಳಿಗೆ ಹಾಕಿಸಿದರು. ಕಾಯುವವರು ಯಾರೂ ಉಳಿದಿರಲಿಲ್ಲ. ಬಾಗಿಲಿಲ್ಲದ ಬಾಗಿಲಿನಿಂದ ಹೊಳೆಯ ಕಡೆಯ ಗಾಳಿ ಬಂದು ಬಾಳೆ ಎಲೆಯ ತುದಿಯನ್ನು ಎತ್ತಿತು. ಗುಡ್ಡಪ್ಪ ಅದರ ಮೇಲೆ ನೀರಿನ ಲೋಟ ಇಟ್ಟು, ಹೋಳಿಗೆಗೆ ತುಪ್ಪ ಬರಲೆಂದು ಕಾದು ಕೂತರು.